ಮೂರನೇ ಸಲ ಬರೆದದ್ದನ್ನು ಎತ್ತಿಡಿ: ವೆಬ್ ಡೆವಲಪರ್‌ಗಳಿಗೆ ಸ್ನಿಪೆಟ್ ಮತ್ತು ಸೆಟಪ್ ಮಾರ್ಗದರ್ಶಿ

ನನ್ನ ಹಳೆಯ ಲ್ಯಾಪ್‌ಟಾಪಿನಲ್ಲಿ 'ಬೇಕಾಗಬಹುದು' ಅಂತ ಒಂದು ಫೋಲ್ಡರ್ ಇತ್ತು. ಕಣ್ಣಿಗೆ ಚೆನ್ನಾಗಿ ಕಂಡ ಕೋಡನ್ನೆಲ್ಲ ಅದರೊಳಗೆ ತುಂಬುತ್ತಿದ್ದೆ. ಒಂದು ದಿನ ನಿಜವಾಗಿಯೂ ಬೇಕಾಯಿತು. ತೆರೆದು ನೋಡಿದರೆ ಡಿಬೌನ್ಸ್ ಫಂಕ್ಷನ್ (ಪದೇಪದೇ ಬರುವ ಕರೆಗಳನ್ನು ತಡೆದು ಕೊನೆಗೊಮ್ಮೆ ಓಡಿಸುವಂಥದ್ದು) ಒಂದೇ ನಾಲ್ಕು ಬಗೆಯಲ್ಲಿ ಬಿದ್ದಿತ್ತು. ಯಾವುದು ಸರಿ, ಯಾವುದು ಕೈಕೊಟ್ಟಿತ್ತು, ಯಾವುದನ್ನು ಎಲ್ಲಿಂದ ತಂದೆ, ಒಂದೂ ನೆನಪಿಲ್ಲ. ಕೊನೆಗೆ ಐದನೆಯದನ್ನು ಹೊಸದಾಗಿ ಬರೆದೆ.

ಆಮೇಲೆ ಆ ಫೋಲ್ಡರನ್ನು ಅಳಿಸಿಬಿಟ್ಟೆ. ಈಗಿರುವ ಸಂಗ್ರಹದಲ್ಲಿ ಮೂವತ್ತು ಚಿಲ್ಲರೆ ತುಣುಕುಗಳಿವೆ (ಸ್ನಿಪೆಟ್ ಅನ್ನುವುದು ಇವನ್ನೇ), ಅಷ್ಟೇ. ಪ್ರತಿಯೊಂದರ ತಲೆಯ ಮೇಲೂ ಒಂದು ಟಿಪ್ಪಣಿ ಇದೆ. ನಿಜ ಹೇಳಬೇಕೆಂದರೆ ಕೋಡಿಗಿಂತ ಆ ಟಿಪ್ಪಣಿಯೇ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ. ಅಂಥ ಸಂಗ್ರಹ ಕಟ್ಟುವುದು ಹೇಗೆ, ಅದರೊಳಗೆ ಏನೇನು ಇಡಬೇಕು, ಹೊಸ ಪ್ರಾಜೆಕ್ಟ್ ಮತ್ತು ಹೊಸ ಕಂಪ್ಯೂಟರನ್ನು ಬೇಗ ಕೆಲಸಕ್ಕೆ ಅಣಿ ಮಾಡುವುದು ಹೇಗೆ ಅನ್ನುವುದನ್ನು ಇಲ್ಲಿ ಒಂದೊಂದಾಗಿ ಹೇಳುತ್ತೇನೆ.

ಮೊದಲೇ ಒಂದು ಮಾತು. ನಕಲು ಮಾಡಿ ಅಂಟಿಸುವ ಕೋಡ್ ಸಾಲುಗಳನ್ನು ನಾನು ಕೊಡುತ್ತಿಲ್ಲ. ಪ್ರತಿ ತುಣುಕು ಏನು ಮಾಡಬೇಕು, ಎಲ್ಲಿ ಎಡವುತ್ತದೆ ಅಂತ ಹೇಳುತ್ತೇನೆ. ಟೈಪ್ ಮಾಡುವ ಕೆಲಸ ನಿಮ್ಮದು. ಐದಾರು ಸಾಲಿನ ಫಂಕ್ಷನ್ ತಾನೇ? ನೀವೇ ಬರೆದರೆ ಆರು ತಿಂಗಳ ನಂತರ ಕೆಟ್ಟಾಗ ಎಲ್ಲಿ ನೋಡಬೇಕೆಂದು ಗೊತ್ತಿರುತ್ತದೆ.

ಹಂತ 1: ಯಾವುದನ್ನು ಎತ್ತಿಡಬೇಕು?

ಮೊದಲ ಸಲ ಬರೆದಾಗ ಸುಮ್ನೆ ಬರೆದು ಮುಂದೆ ಹೋಗಿ. ಎರಡನೇ ಸಲ 'ಇದನ್ನು ಎಲ್ಲೋ ಬರೆದಿದ್ದೆನಲ್ಲ' ಅನಿಸುತ್ತದೆ. ಆಗಲೂ ತಡೆಯಿರಿ. ಮೂರನೇ ಸಲ ಬೇಕಾದಾಗ ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿ. ಯಾವ ಭಾಗ ಬದಲಾಗಿದೆ, ಯಾವುದು ಹಾಗೇ ಇದೆ ಅಂತ ಕಾಣುತ್ತದೆ. ಬದಲಾಗಿದ್ದು ಫಂಕ್ಷನ್ನಿನ ಆರ್ಗ್ಯುಮೆಂಟ್. ಬದಲಾಗದೇ ಉಳಿದದ್ದು ನಿಮ್ಮ ಸ್ನಿಪೆಟ್. ಒಂದೇ ಸಲ ಬರೆದು ಎತ್ತಿಟ್ಟರೆ ಈ ಗೆರೆ ಎಲ್ಲಿ ಎಳೆಯಬೇಕೆಂದು ತಿಳಿಯುವುದಿಲ್ಲ.

ಬೇರೆಯವರ ಕೋಡ್ ತರುವಾಗ ಇನ್ನೂ ಎಚ್ಚರ ಬೇಕು. ಬೈಟ್‌ಗಳ ಲೆಕ್ಕವನ್ನು ಕೆಬಿ, ಎಂಬಿ ಎಂದು ಓದಲು ಸುಲಭವಾಗಿ ತೋರಿಸುವ ಒಂದು ಜಾವಾ ತುಣುಕನ್ನು 2010ರಲ್ಲಿ ಒಬ್ಬರು ಸ್ಟ್ಯಾಕ್ ಓವರ್‌ಫ್ಲೋದಲ್ಲಿ ಬರೆದರು. ಅದು ಸಾವಿರಾರು ಪ್ರಾಜೆಕ್ಟ್‌ಗಳಿಗೆ ಹೋಯಿತು. 2019ರಲ್ಲಿ ಬರೆದವರೇ ಅದರಲ್ಲಿ ತಪ್ಪಿದೆ ಎಂದು ವಿವರವಾಗಿ ಬರೆದರು. 9,99,999 ಬೈಟ್ ಕೊಟ್ಟರೆ ಅದು 1 ಎಂಬಿ ಅನ್ನುವ ಬದಲು 1000 ಕೆಬಿ ಅನ್ನುತ್ತಿತ್ತು. ಒಂಬತ್ತು ವರ್ಷ ಅಷ್ಟೊಂದು ಜನ ಬಳಸಿದ್ದಾರೆ ಅಂದರೆ ಸರಿ ಇದೆ ಅಂತ ಅರ್ಥ ಅಲ್ಲ ಅಲ್ವಾ? ಅಲ್ಲಿನ ಕೋಡಿಗೆ ಕ್ರಿಯೇಟಿವ್ ಕಾಮನ್ಸ್‌ನ ಸಿಸಿ ಬಿವೈ-ಎಸ್‌ಎ ಲೈಸೆನ್ಸ್ ಇದೆ ಅನ್ನುವುದೂ ನೆನಪಿರಲಿ. ಎಲ್ಲಿಂದ ತಂದಿರಿ ಅಂತ ಹೇಳಲೇಬೇಕು.

ಹಾಗಾದರೆ ತುಣುಕು ಇಟ್ಟುಕೊಳ್ಳುವ ಬದಲು ಪ್ಯಾಕೇಜನ್ನೇ ಹಾಕಿಕೊಂಡರೆ? 2016ರ ಮಾರ್ಚ್‌ನಲ್ಲಿ ಲೆಫ್ಟ್-ಪ್ಯಾಡ್ ಎಂಬ 11 ಸಾಲಿನ ಪ್ಯಾಕೇಜನ್ನು ಅದರ ಲೇಖಕರು ಜಾವಾಸ್ಕ್ರಿಪ್ಟ್ ಪ್ಯಾಕೇಜ್‌ಗಳ ಭಂಡಾರವಾದ ಎನ್‌ಪಿಎಂನಿಂದ ತೆಗೆದರು. ಬೇಬಲ್‌ನಂಥ ದೊಡ್ಡ ಪ್ರಾಜೆಕ್ಟ್‌ಗಳೂ ಅದನ್ನು ನೆಚ್ಚಿಕೊಂಡಿದ್ದವು. ಒಂದೇ ಏಟಿಗೆ ಎಷ್ಟೋ ಕಡೆ ಬಿಲ್ಡ್ ನಿಂತುಹೋಯಿತು. ನನ್ನ ಅಳತೆ ಹೀಗಿದೆ: ಇಪ್ಪತ್ತು ಸಾಲಿನೊಳಗೆ ಮುಗಿಯುತ್ತದೆ, ನನಗೆ ಪೂರ್ತಿ ಅರ್ಥವಾಗಿದೆ ಅಂದರೆ ನಾನೇ ಇಟ್ಟುಕೊಳ್ಳುತ್ತೇನೆ. ಪಾಸ್‌ವರ್ಡ್ ಹ್ಯಾಶ್ ಮಾಡುವುದು, ಟೈಮ್‌ಝೋನ್ ಲೆಕ್ಕ, ಎಚ್‌ಟಿಎಂಎಲ್ ಶುದ್ಧಿ ಮಾಡುವುದು, ಇವನ್ನು ಐದು ಸಾಲಿನಲ್ಲಿ ಬರೆಯಬಹುದು ಅನಿಸಿದರೂ ಬರೆಯುವುದಿಲ್ಲ. ಅಲ್ಲಿ ಒಳ್ಳೆಯ ಲೈಬ್ರರಿಯೇ ಗತಿ.

ಹಂತ 2: ತಲೆಯ ಮೇಲಿನ ಟಿಪ್ಪಣಿ

ಪ್ರತಿ ತುಣುಕಿನ ಮೇಲೆ ಕಾಮೆಂಟ್ ರೂಪದಲ್ಲಿ ಇಷ್ಟು ಬರೆಯಿರಿ. ಏನು ಮಾಡುತ್ತದೆ, ಒಂದು ಸಾಲು. ಎಲ್ಲಿಂದ ಬಂತು, ಯಾವ ತಿಂಗಳು. ಎಲ್ಲಿ ಎಡವಿತು. ಎಲ್ಲಿ ಬಳಸಬಾರದು.

ಮೂರನೆಯದನ್ನು ಬಿಡಲೇಬೇಡಿ. 'ಕ್ಲಿಪ್‌ಬೋರ್ಡಿಗೆ ಕಾಪಿ ಮಾಡುವ ಫಂಕ್ಷನ್' ಅಂತಷ್ಟೇ ಬರೆದರೆ ಪ್ರಯೋಜನ ಇಲ್ಲ, ಅದು ಹೆಸರಿನಲ್ಲೇ ಗೊತ್ತಾಗುತ್ತದೆ. 'ಎಚ್‌ಟಿಟಿಪಿಎಸ್ ಅಥವಾ ಲೋಕಲ್‌ಹೋಸ್ಟ್‌ನಲ್ಲಿ ಮಾತ್ರ ನಡೆಯುತ್ತದೆ. ಫೋನಿನಿಂದ ಲ್ಯಾಪ್‌ಟಾಪಿನ ಐಪಿ ವಿಳಾಸ ಹಾಕಿ ಪರೀಕ್ಷಿಸಿದಾಗ ಕೆಲಸ ಮಾಡಲಿಲ್ಲ, ಒಂದು ಮಧ್ಯಾಹ್ನ ಹೋಯಿತು' ಅಂತ ಬರೆದರೆ ಆ ಮಧ್ಯಾಹ್ನ ಮತ್ತೆ ಹೋಗುವುದಿಲ್ಲ.

ಹಂತ 3: ಎಡಿಟರಿನೊಳಗೆ ಸೇರಿಸುವುದು

ಹುಡುಕಿ ತೆರೆಯಬೇಕಾದ ಜಾಗದಲ್ಲಿ ಇಟ್ಟರೆ ಬಳಸುವುದೇ ಇಲ್ಲ. ಬೆರಳ ತುದಿಯಲ್ಲಿರಬೇಕು. ಇಲ್ಲಿ ವಿಎಸ್ ಕೋಡ್‌ನ ದಾರಿ ಹೇಳುತ್ತೇನೆ. ಬೇರೆ ಎಡಿಟರ್‌ಗಳಲ್ಲೂ ಇಂಥದ್ದೇ ಒಂದು ವ್ಯವಸ್ಥೆ ಇರುತ್ತದೆ.

ಕಮಾಂಡ್ ಪ್ಯಾಲೆಟ್ ತೆರೆದು 'ಸ್ನಿಪೆಟ್ಸ್' ಅಂತ ಟೈಪ್ ಮಾಡಿ. 'ಕಾನ್ಫಿಗರ್ ಸ್ನಿಪೆಟ್ಸ್' ಸಿಗುತ್ತದೆ. ಭಾಷೆ ಆರಿಸಿದರೆ ಒಂದು ಜೇಸನ್ ಫೈಲ್ ತೆರೆಯುತ್ತದೆ. ಪ್ರತಿ ಸ್ನಿಪೆಟ್‌ಗೆ ಮೂರು ಭಾಗ: ಪ್ರಿಫಿಕ್ಸ್, ಬಾಡಿ, ಡಿಸ್ಕ್ರಿಪ್ಷನ್. ಪ್ರಿಫಿಕ್ಸ್ ಅಂದರೆ ನೀವು ಟೈಪ್ ಮಾಡುವ ಕಿರು ಹೆಸರು. ಬಾಡಿ ಅಂದರೆ ಬಂದು ಕೂರುವ ಕೋಡ್. ಸಾಲಿಗೊಂದರಂತೆ ಅರೇಯಲ್ಲಿ ಬರೆಯಬೇಕು.

ಬಾಡಿಯೊಳಗೆ $1, $2 ಅಂತ ಹಾಕಿದ ಕಡೆ ಕರ್ಸರ್ ಒಂದಾದ ಮೇಲೊಂದರಂತೆ ನಿಲ್ಲುತ್ತದೆ. ಟ್ಯಾಬ್ ಒತ್ತಿದರೆ ಮುಂದಿನದಕ್ಕೆ ಹೋಗುತ್ತದೆ. $0 ಅಂದರೆ ಕೊನೆಗೆ ನಿಲ್ಲುವ ಜಾಗ. ಒಂದೇ ಸಂಖ್ಯೆಯನ್ನು ಎರಡು ಕಡೆ ಹಾಕಿದರೆ ಎರಡೂ ಕಡೆ ಒಟ್ಟಿಗೆ ತುಂಬುತ್ತದೆ. ಕಾಂಪೊನೆಂಟ್ ಹೆಸರು ಮೇಲೂ ಕೆಳಗೂ ಬರಬೇಕಾದಾಗ ಇದು ಬಹಳ ಚೆಂದ. ಅಪ್ಪಟ ಡಾಲರ್ ಗುರುತೇ ಬೇಕಿದ್ದರೆ ಅದರ ಹಿಂದೆ ಎರಡು ಬ್ಯಾಕ್‌ಸ್ಲ್ಯಾಷ್ ಹಾಕಿ. ಟೆಂಪ್ಲೇಟ್ ಸ್ಟ್ರಿಂಗ್ ಇರುವ ಜಾವಾಸ್ಕ್ರಿಪ್ಟ್ ತುಣುಕುಗಳಲ್ಲಿ ಎಲ್ಲರೂ ಮುಗ್ಗರಿಸುವುದು ಇಲ್ಲೇ.

ಪ್ರಿಫಿಕ್ಸ್‌ಗಳಿಗೆಲ್ಲ ಒಂದೇ ಮೊದಲಕ್ಷರ ಕೊಡಿ. ನಾನು ಇಂಗ್ಲಿಷಿನ ಕೊನೆಯ ಅಕ್ಷರ ಝಡ್ ಬಳಸುತ್ತೇನೆ. ಝಡ್ ಒತ್ತಿದ ಕೂಡಲೇ ನನ್ನವಷ್ಟೇ ಪಟ್ಟಿಯಾಗಿ ಬರುತ್ತವೆ, ಎಡಿಟರ್ ಕೊಡುವ ಸಲಹೆಗಳ ಜೊತೆ ಬೆರೆಯುವುದಿಲ್ಲ. ಹೆಸರು ಮರೆತರೂ ಪಟ್ಟಿ ನೋಡಿ ಆರಿಸಬಹುದು.

ತಂಡದವರಿಗೂ ಬೇಕಾದ ತುಣುಕುಗಳನ್ನು ಪ್ರಾಜೆಕ್ಟಿನ ಡಾಟ್-ವಿಎಸ್‌ಕೋಡ್ ಫೋಲ್ಡರಿನಲ್ಲಿ, ಕೋಡ್-ಸ್ನಿಪೆಟ್ಸ್ ಎಂಬ ಎಕ್ಸ್‌ಟೆನ್ಷನ್ ಇರುವ ಫೈಲಿನಲ್ಲಿಟ್ಟು ಗಿಟ್‌ಗೆ ಸೇರಿಸಿ. ನಿಮ್ಮವು ನಿಮಗೇ ಸಾಕು ಅಂದರೆ ಸೆಟ್ಟಿಂಗ್ಸ್ ಸಿಂಕ್ ಆನ್ ಮಾಡಿ, ಇನ್ನೊಂದು ಕಂಪ್ಯೂಟರಿಗೂ ಬರುತ್ತವೆ. ಗಿಟ್‌ಹಬ್ ಗಿಸ್ಟ್‌ನಲ್ಲಿಡುವವರೂ ಇದ್ದಾರೆ. ಅಲ್ಲಿ 'ಸೀಕ್ರೆಟ್' ಅಂದರೆ ಪಟ್ಟಿಯಲ್ಲಿ ಕಾಣುವುದಿಲ್ಲ ಅಂತಷ್ಟೇ. ಲಿಂಕ್ ಸಿಕ್ಕಿದವರೆಲ್ಲ ಓದಬಹುದು. ಕಂಪನಿಯ ಕೋಡನ್ನು ಅಲ್ಲಿಡಬೇಡಿ.

ಹಂತ 4: ಇಟ್ಟುಕೊಳ್ಳಲೇಬೇಕಾದ ಜಾವಾಸ್ಕ್ರಿಪ್ಟ್ ತುಣುಕುಗಳು

ಒಂದೇ ಒಂದು ತುಣುಕು ಇಟ್ಟುಕೊಳ್ಳಿ ಅಂದರೆ ನಾನು ಫೆಚ್‌ನ (ಸರ್ವರಿಗೆ ರಿಕ್ವೆಸ್ಟ್ ಕಳಿಸುವ ಬ್ರೌಸರಿನ ಫಂಕ್ಷನ್) ಸುತ್ತ ಬರೆದ ಫಂಕ್ಷನ್ ಆರಿಸುತ್ತೇನೆ. ಯಾಕೆಂದರೆ ಫೆಚ್ ನೋಡುವುದಕ್ಕೆ ಸಾಧು, ಒಳಗೊಳಗೇ ಕಾಟ ಕೊಡುತ್ತದೆ. ಸರ್ವರ್ 404 ಅಥವಾ 500 ಕೊಟ್ಟರೂ ಅದು ಎರರ್ ಎಸೆಯುವುದಿಲ್ಲ. ನೆಟ್‌ವರ್ಕೇ ಕೈಕೊಟ್ಟರೆ ಮಾತ್ರ ಎಸೆಯುತ್ತದೆ. ಕ್ಯಾಚ್ ಬ್ಲಾಕ್ ಬರೆದು ನಿಶ್ಚಿಂತರಾಗಿದ್ದವರಿಗೆ ಇದು ಗೊತ್ತಾಗುವುದು ಬಳಕೆದಾರರು ದೂರಿದ ಮೇಲೆ. ಆ ಫಂಕ್ಷನ್ ಈ ಕೆಲಸಗಳನ್ನು ಈ ಕ್ರಮದಲ್ಲಿ ಮಾಡಲಿ.

ಮೊದಲು ಸಮಯದ ಮಿತಿ. ಫೆಚ್‌ಗೆ ತನ್ನದೇ ಟೈಮ್‌ಔಟ್ ಆಪ್ಷನ್ ಇಲ್ಲ. ಅಬಾರ್ಟ್‌ಸಿಗ್ನಲ್‌ನ ಟೈಮ್‌ಔಟ್ ಮೆಥಡಿಗೆ ಮಿಲಿಸೆಕೆಂಡ್ ಕೊಟ್ಟು, ಬಂದ ಸಿಗ್ನಲನ್ನು ಫೆಚ್‌ನ ಆಪ್ಷನ್‌ಗಳಲ್ಲಿ ಸೇರಿಸಿ. ಹತ್ತು ಸೆಕೆಂಡ್ ಇಟ್ಟು ಶುರು ಮಾಡಿ.

ನಂತರ ರೆಸ್ಪಾನ್ಸ್‌ನ 'ಓಕೆ' ಎಂಬ ಪ್ರಾಪರ್ಟಿ ನೋಡಿ. ಸ್ಟೇಟಸ್ 200ರಿಂದ 299ರೊಳಗಿದ್ದರೆ ಮಾತ್ರ ಅದು ಟ್ರೂ. ಇಲ್ಲದಿದ್ದರೆ ನೀವೇ ಎರರ್ ಎಸೆಯಿರಿ. ಅದರೊಳಗೆ ಸ್ಟೇಟಸ್ ಸಂಖ್ಯೆ ಮತ್ತು ಸರ್ವರ್ ಕಳಿಸಿದ ಪಠ್ಯ ಎರಡನ್ನೂ ಇಡಿ. 'ಏನೋ ತಪ್ಪಾಗಿದೆ' ಅಂತ ಬರೆದ ಎರರ್ ಯಾರ ಕೆಲಸಕ್ಕೂ ಬರುವುದಿಲ್ಲ.

ಮೂರನೆಯದು 204. ಅಂದರೆ ಕೆಲಸ ಆಯಿತು, ಹೇಳುವುದಕ್ಕೆ ಏನೂ ಇಲ್ಲ ಅಂತ. ಡಿಲೀಟ್ ಮಾಡಿದಾಗ ಸಾಮಾನ್ಯವಾಗಿ ಇದೇ ಬರುತ್ತದೆ. ಖಾಲಿ ಉತ್ತರವನ್ನು ಜೇಸನ್ ಎಂದು ಓದಲು ಹೋದರೆ ಎರರ್. ಅದಕ್ಕೇ ಮೊದಲು ನೋಡಿ ನಲ್ ಹಿಂದಿರುಗಿಸಿ.

ನಾಲ್ಕನೆಯದು ಕಂಟೆಂಟ್-ಟೈಪ್ ಹೆಡರ್. ಜೇಸನ್ ಎಂದಿದ್ದರೆ ಮಾತ್ರ ಜೇಸನ್ ಆಗಿ ಓದಿ. ಲಾಗಿನ್ ಅವಧಿ ಮುಗಿದಾಗ ಕೆಲವು ಸರ್ವರ್‌ಗಳು ಲಾಗಿನ್ ಪುಟಕ್ಕೆ ರೀಡೈರೆಕ್ಟ್ ಮಾಡುತ್ತವೆ, ಸ್ಟೇಟಸ್ 200ರ ಜೊತೆ ಎಚ್‌ಟಿಎಂಎಲ್ ಬರುತ್ತದೆ. ಆಗ ಕನ್ಸೋಲಿನಲ್ಲಿ '<' ಎಂಬ ಗುರುತನ್ನು ನಿರೀಕ್ಷಿಸಿರಲಿಲ್ಲ ಎನ್ನುವ ಪ್ರಸಿದ್ಧ ಎರರ್ ಕಾಣುತ್ತದೆ. ಅದು ಕಂಡರೆ ಜೇಸನ್‌ನಲ್ಲಿ ತಪ್ಪು ಹುಡುಕಬೇಡಿ. ನೆಟ್‌ವರ್ಕ್ ಟ್ಯಾಬ್ ತೆರೆದು ಬಂದಿರುವ ಪುಟ ಯಾವುದು ಅಂತ ನೋಡಿ.

ಸೋತರೆ ಮತ್ತೆ ಪ್ರಯತ್ನಿಸುವ ಸೌಲಭ್ಯ ಸೇರಿಸುವ ಆಸೆ ಎಲ್ಲರಿಗೂ ಬರುತ್ತದೆ. ಗೆಟ್ ರಿಕ್ವೆಸ್ಟ್‌ಗೆ ಮಾತ್ರ ಸೇರಿಸಿ. ಪೋಸ್ಟ್‌ನಲ್ಲಿ ಸರ್ವರ್ ಕೆಲಸ ಮುಗಿಸಿ, ಉತ್ತರ ಬರುವ ದಾರಿಯಲ್ಲಿ ಕಳೆದುಹೋಗಿರಬಹುದು. ಮತ್ತೆ ಕಳಿಸಿದರೆ ಒಂದೇ ಆರ್ಡರ್ ಎರಡಾಗುತ್ತದೆ.

ಇನ್ನು ಡಿಬೌನ್ಸ್. ಹುಡುಕಾಟದ ಪೆಟ್ಟಿಗೆಯಲ್ಲಿ ಪ್ರತಿ ಅಕ್ಷರಕ್ಕೂ ಸರ್ವರಿಗೆ ಓಡಬಾರದು, ಟೈಪಿಂಗ್ ನಿಂತ ಮೇಲೆ ಒಮ್ಮೆ ಹೋದರೆ ಸಾಕು. ಒಂದು ಟೈಮರ್ ಇಟ್ಟುಕೊಳ್ಳಿ. ಪ್ರತಿ ಸಲ ಕರೆದಾಗ ಹಳೆಯ ಟೈಮರ್ ರದ್ದು ಮಾಡಿ ಹೊಸದನ್ನು ಹಚ್ಚಿ. 300 ಮಿಲಿಸೆಕೆಂಡ್ ನನಗೆ ಹಿಡಿಸಿದ ಅಳತೆ. ಇದರ ಟಿಪ್ಪಣಿಯಲ್ಲಿ ಎರಡು ಸಾಲು ಬರೆದಿಟ್ಟಿದ್ದೇನೆ. ಒಂದು, ರಿಯಾಕ್ಟ್ ಕಾಂಪೊನೆಂಟಿನೊಳಗೆ ಸುಮ್ಮನೆ ಡಿಬೌನ್ಸ್ ಕರೆದರೆ ಪ್ರತಿ ರೆಂಡರಿಗೂ ಹೊಸ ಫಂಕ್ಷನ್, ಹೊಸ ಟೈಮರ್ ಹುಟ್ಟುತ್ತದೆ. ಹಳೆಯದನ್ನು ರದ್ದು ಮಾಡುವವರೇ ಇರುವುದಿಲ್ಲ. ಎರಡು, ಡಿಬೌನ್ಸ್ ಮಾಡಿದರೂ ಉತ್ತರಗಳು ಹಿಂದುಮುಂದಾಗಿ ಬರಬಹುದು. 'ಮರ' ಅಂತ ಹುಡುಕಿ ಆಮೇಲೆ 'ಮರಳು' ಅಂತ ಮಾಡಿದರೆ, 'ಮರ'ದ ಉತ್ತರ ತಡವಾಗಿ ಬಂದು ಸರಿಯಾದ ಫಲಿತಾಂಶದ ಮೇಲೆ ಕೂರುತ್ತದೆ. ಹೊಸ ರಿಕ್ವೆಸ್ಟ್ ಕಳಿಸುವ ಮುನ್ನ ಅಬಾರ್ಟ್‌ಕಂಟ್ರೋಲರ್‌ನಿಂದ ಹಳೆಯದನ್ನು ನಿಲ್ಲಿಸಿ.

ಸ್ಕ್ರಾಲ್ ಮತ್ತು ರಿಸೈಝ್‌ಗೆ ಬೇಕಾಗುವುದು ಥ್ರಾಟಲ್. ಡಿಬೌನ್ಸ್ ಸದ್ದು ನಿಲ್ಲುವವರೆಗೆ ಕಾಯುತ್ತದೆ. ಥ್ರಾಟಲ್ ಗದ್ದಲದ ನಡುವೆಯೂ ಗೊತ್ತಾದ ಅಂತರದಲ್ಲಿ ಒಮ್ಮೊಮ್ಮೆ ಓಡುತ್ತದೆ.

ಲೋಕಲ್‌ಸ್ಟೋರೇಜ್‌ನಿಂದ ಓದಿ ಬರೆಯುವ ಎರಡು ಪುಟ್ಟ ಫಂಕ್ಷನ್‌ಗಳೂ ಇರಲಿ. ಅದು ಸ್ಟ್ರಿಂಗ್ ಮಾತ್ರ ಇಟ್ಟುಕೊಳ್ಳುತ್ತದೆ, ಹಾಗಾಗಿ ಜೇಸನ್‌ಗೆ ತಿರುಗಿಸಬೇಕು. ಓದುವುದು, ಬರೆಯುವುದು ಎರಡನ್ನೂ ಟ್ರೈ-ಕ್ಯಾಚ್‌ನಲ್ಲಿ ಸುತ್ತಿ. ಜಾಗ ತುಂಬಿದ್ದರೆ ಅಥವಾ ಬಳಕೆದಾರರು ಸ್ಟೋರೇಜ್ ತಡೆದಿದ್ದರೆ ಎರರ್ ಬರುತ್ತದೆ. ಬಣ್ಣದ ಥೀಮ್ ನೆನಪಿಡಲು ಹೋಗಿ ಇಡೀ ಪುಟ ಬಿಳಿಯಾಗಿ ನಿಲ್ಲಬಾರದು.

ದಿನಾಂಕದ ವಿಷಯದಲ್ಲಿ ತುಣುಕಿಗಿಂತ ಎಚ್ಚರಿಕೆ ಮುಖ್ಯ. '2024-03-10' ಅಂತ ಬರೀ ದಿನಾಂಕ ಕೊಟ್ಟರೆ ಜಾವಾಸ್ಕ್ರಿಪ್ಟ್ ಅದನ್ನು ಯುಟಿಸಿ ಎಂದುಕೊಳ್ಳುತ್ತದೆ. ಅದೇ ದಿನಾಂಕಕ್ಕೆ ಗಂಟೆ ನಿಮಿಷ ಸೇರಿಸಿ, ಝೋನ್ ಹೇಳದೆ ಬಿಟ್ಟರೆ ಸ್ಥಳೀಯ ಸಮಯ ಎಂದುಕೊಳ್ಳುತ್ತದೆ. ಗ್ರೀನಿಚ್‌ನ ಪಶ್ಚಿಮದಲ್ಲಿರುವವರಿಗೆ ಮೊದಲನೆಯದು ಹಿಂದಿನ ದಿನವನ್ನು ತೋರಿಸುತ್ತದೆ. ಐಎಸ್‌ಒ ಸ್ಟ್ರಿಂಗಿನ ಮೊದಲ ಹತ್ತು ಅಕ್ಷರ ಕತ್ತರಿಸಿ 'ಇವತ್ತು' ಅನ್ನುವವರಿಗೆ ಪೂರ್ವದಲ್ಲಿ ಏಟು ಬೀಳುತ್ತದೆ: ಮಧ್ಯರಾತ್ರಿ ಕಳೆದು ಕೆಲವು ಗಂಟೆ ಅದು ಇನ್ನೂ ನಿನ್ನೆಯಲ್ಲೇ ಇರುತ್ತದೆ. ತಿಂಗಳು 0ಯಿಂದ ಶುರುವಾಗುತ್ತದೆ ಅನ್ನುವುದು ನಿಮಗೆ ಗೊತ್ತೇ ಇದೆ. ಗೊತ್ತಿದ್ದೂ ವರ್ಷಕ್ಕೊಮ್ಮೆ ತಪ್ಪುತ್ತೇವೆ.

ಸಣ್ಣಪುಟ್ಟವು ಇನ್ನಷ್ಟಿವೆ. ಅರೇಯ ಸಾರ್ಟ್ ಮೆಥಡಿಗೆ ಹೋಲಿಸುವ ಫಂಕ್ಷನ್ ಕೊಡದಿದ್ದರೆ ಸಂಖ್ಯೆಗಳನ್ನೂ ಪಠ್ಯದಂತೆ ಜೋಡಿಸುತ್ತದೆ: 1, 10, 9. ಬಳಕೆದಾರರು ಬರೆದದ್ದನ್ನು ಪುಟದಲ್ಲಿ ತೋರಿಸುವಾಗ ಇನ್ನರ್‌ಎಚ್‌ಟಿಎಂಎಲ್ ಬೇಡ, ಟೆಕ್ಸ್ಟ್‌ಕಂಟೆಂಟ್ ಬಳಸಿ. ಇದರಲ್ಲಿ ರಾಜಿ ಇಲ್ಲ.

ಕನ್ನಡ ಪಠ್ಯದ ಜೊತೆ ಕೆಲಸ ಮಾಡುವವರು ಇದೊಂದನ್ನು ಬರೆದಿಟ್ಟುಕೊಳ್ಳಿ. 'ಸ್ತ್ರೀ' ನಮ್ಮ ಕಣ್ಣಿಗೆ ಒಂದೇ ಅಕ್ಷರ. ಜಾವಾಸ್ಕ್ರಿಪ್ಟ್‌ನ ಲೆಂಗ್ತ್ ಅದನ್ನು 6 ಅನ್ನುತ್ತದೆ: ಸ, ವಿರಾಮ ('್' ಗುರುತು), ತ, ಮತ್ತೊಂದು ವಿರಾಮ, ರ, ದೀರ್ಘದ ಗುರುತು. 'ಗರಿಷ್ಠ 20 ಅಕ್ಷರ' ಎಂದು ಮಿತಿ ಹಾಕಿ ಸ್ಟ್ರಿಂಗ್ ಕತ್ತರಿಸಿದರೆ ಒತ್ತಕ್ಷರದ ನಡುವೆ ಕತ್ತರಿ ಬಿದ್ದು ಅರ್ಕಾವತ್ತೋ ವಿರಾಮವೋ ಅನಾಥವಾಗಿ ತೂಗಾಡುತ್ತದೆ. ಇನ್ನೊಂದು ಗುಪ್ತ ತೊಂದರೆ: ದೀರ್ಘ 'ೀ' ಗುರುತನ್ನು ಯೂನಿಕೋಡ್‌ನಲ್ಲಿ ಒಂದೇ ಸಂಕೇತವಾಗಿಯೂ ಬರೆಯಬಹುದು, ಹ್ರಸ್ವದ ಗುರುತು ಮತ್ತು ದೀರ್ಘದ ಗುರುತು ಎಂದು ಎರಡಾಗಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ, ಹೋಲಿಸಿದರೆ ಬೇರೆ ಬೇರೆ. ಹುಡುಕುವ ಮತ್ತು ಹೋಲಿಸುವ ಮುನ್ನ ಎರಡೂ ಕಡೆ ನಾರ್ಮಲೈಝ್ ಮೆಥಡ್ ಕರೆಯಿರಿ.

ಹಂತ 5: ಎಚ್‌ಟಿಎಂಎಲ್ ಮತ್ತು ಸಿಎಸ್‌ಎಸ್

ಖಾಲಿ ಎಚ್‌ಟಿಎಂಎಲ್ ಫೈಲಿನಲ್ಲಿ '!' ಹಾಕಿ ಟ್ಯಾಬ್ ಒತ್ತಿದರೆ ವಿಎಸ್ ಕೋಡ್‌ನಲ್ಲಿರುವ ಎಮೆಟ್ ಇಡೀ ಚೌಕಟ್ಟು ಕೊಡುತ್ತದೆ. ಲ್ಯಾಂಗ್ ಆಟ್ರಿಬ್ಯೂಟನ್ನು ಮಾತ್ರ ನಿಮ್ಮ ಪುಟದ ಭಾಷೆಗೆ ಬದಲಿಸಿ. ಸ್ಕ್ರೀನ್ ರೀಡರ್ ಯಾವ ಉಚ್ಚಾರಣೆ ಬಳಸಬೇಕು ಅನ್ನುವುದು ಅದರಿಂದಲೇ ತಿಳಿಯುವುದು. ಕ್ಯಾರೆಕ್ಟರ್ ಸೆಟ್ ಹೇಳುವ ಮೆಟಾ ಟ್ಯಾಗ್ ಫೈಲಿನ ಮೊದಲ 1024 ಬೈಟ್‌ನೊಳಗೆ ಇರಬೇಕು. ಅದರ ಮೇಲೆ ಉದ್ದುದ್ದ ಕಾಮೆಂಟ್ ತುಂಬಬೇಡಿ.

ನನ್ನ ಆರಂಭದ ಸಿಎಸ್‌ಎಸ್ ಇಷ್ಟೇ. ಎಲ್ಲದಕ್ಕೂ ಬಾಕ್ಸ್-ಸೈಝಿಂಗ್ ಬಾರ್ಡರ್-ಬಾಕ್ಸ್. ಚಿತ್ರಗಳಿಗೆ ಗರಿಷ್ಠ ಅಗಲ 100%, ಎತ್ತರ ಆಟೋ. ಬಟನ್, ಇನ್‌ಪುಟ್‌ಗಳಿಗೆ ಫಾಂಟ್ ಇನ್‌ಹೆರಿಟ್, ಯಾಕೆಂದರೆ ಅವು ತಾವಾಗಿಯೇ ಪುಟದ ಫಾಂಟ್ ತೆಗೆದುಕೊಳ್ಳುವುದಿಲ್ಲ. ಇನ್‌ಪುಟ್ ಅಕ್ಷರದ ಗಾತ್ರ 16 ಪಿಕ್ಸೆಲ್‌ಗಿಂತ ಕಡಿಮೆ ಬೇಡ, ಇಲ್ಲದಿದ್ದರೆ ಐಫೋನಿನ ಸಫಾರಿ ಮುಟ್ಟಿದ ಕೂಡಲೇ ಝೂಮ್ ಆಗುತ್ತದೆ. ಪೂರ್ತಿ ಎತ್ತರ ಬೇಕಾದಾಗ 100ವಿಎಚ್ ಬದಲು 100ಡಿವಿಎಚ್. ಫೋನಿನಲ್ಲಿ ಬ್ರೌಸರಿನ ಅಡ್ರೆಸ್ ಬಾರ್ ಬಂದು ಹೋಗುವಾಗ ಕೆಳಗಿನ ಬಟನ್ ಮುಚ್ಚಿಹೋಗುವುದು ತಪ್ಪುತ್ತದೆ. ಕನ್ನಡ ಪಠ್ಯಕ್ಕೆ ಲೈನ್-ಹೈಟ್ 1.6ರ ಸುತ್ತ ಇಡಿ. 1.2 ಇಟ್ಟು ಓವರ್‌ಫ್ಲೋ ಹಿಡನ್ ಮಾಡಿದರೆ ಕೆಳಗಿನ ಒತ್ತಕ್ಷರಗಳ ಕಾಲು ಕತ್ತರಿಸಿಹೋಗುತ್ತದೆ.

ಇದರ ಜೊತೆ ಎರಡು ತುಣುಕು. ಕಣ್ಣಿಗೆ ಕಾಣದೆ ಸ್ಕ್ರೀನ್ ರೀಡರಿಗೆ ಮಾತ್ರ ಕೇಳಿಸುವ ಪಠ್ಯದ ಕ್ಲಾಸ್ ಒಂದು. ಡಿಸ್‌ಪ್ಲೇ ನನ್ ಹಾಕಿದರೆ ಸ್ಕ್ರೀನ್ ರೀಡರೂ ಅದನ್ನು ಬಿಟ್ಟುಬಿಡುತ್ತದೆ, ಅದಕ್ಕೇ ಒಂದು ಪಿಕ್ಸೆಲ್‌ಗೆ ಕುಗ್ಗಿಸಿ ಕ್ಲಿಪ್ ಮಾಡುವ ದಾರಿ. ಇನ್ನೊಂದು, ಚಲನೆ ಕಡಿಮೆ ಇರಲಿ ಎಂದು ಬಳಕೆದಾರರು ತಮ್ಮ ಸಾಧನದಲ್ಲಿ ಆರಿಸಿದ್ದರೆ ಅನಿಮೇಷನ್ ನಿಲ್ಲಿಸುವ ಮೀಡಿಯಾ ಕ್ವೆರಿ.

ಹಂತ 6: ಹೊಸ ಪ್ರಾಜೆಕ್ಟ್

ಇಲ್ಲಿ ಕ್ರಮ ಮುಖ್ಯ. ಮೊದಲ ಕಮಿಟ್‌ಗಿಂತ ಮುಂಚೆಯೇ ಡಾಟ್-ಗಿಟ್‌ಇಗ್ನೋರ್ ಫೈಲ್ ಬರಬೇಕು. ನೋಡ್-ಮಾಡ್ಯೂಲ್ಸ್, ಬಿಲ್ಡ್ ಫೋಲ್ಡರ್, ಡಾಟ್-ಇಎನ್‌ವಿ (ಕೀ, ಪಾಸ್‌ವರ್ಡ್‌ಗಳಿರುವ ಫೈಲ್), ಈ ಮೂರು ಕಡ್ಡಾಯ. ಆಮೇಲೆ ಸೇರಿಸಿದರೆ ಆಗಲೇ ಕಮಿಟ್ ಆದ ಫೈಲನ್ನು ಗಿಟ್ ಬಿಡುವುದಿಲ್ಲ, ಕ್ಯಾಶ್ಡ್ ಆಯ್ಕೆಯ ಜೊತೆ ಗಿಟ್ ಆರ್‌ಎಂ ಓಡಿಸಬೇಕಾಗುತ್ತದೆ.

ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಡಾಟ್-ಇಎನ್‌ವಿ ಫೈಲ್ ಪಬ್ಲಿಕ್ ರೆಪೊಸಿಟರಿಗೆ ಹೋಗಿಬಿಟ್ಟಿತು. ಕಳಿಸಿದವನು ನಾನೇ. ಮುಂದಿನ ಕಮಿಟ್‌ನಲ್ಲಿ ಅಳಿಸಿ 'ಸದ್ಯ, ಯಾರೂ ನೋಡಲಿಲ್ಲ' ಅಂದುಕೊಂಡೆ. ಹಳೆಯ ಕಮಿಟ್‌ನಲ್ಲಿ ಅದು ಹಾಗೇ ಇತ್ತು. ಇಂಥ ಕೀಗಳಿಗಾಗಿಯೇ ಪಬ್ಲಿಕ್ ರೆಪೊಸಿಟರಿಗಳನ್ನು ಜಾಲಾಡುವ ಬಾಟ್‌ಗಳಿರುತ್ತವೆ. ನಿಮಗೂ ಹೀಗಾದರೆ ಮೊದಲು ಆ ಕೀ ರದ್ದು ಮಾಡಿ ಹೊಸದನ್ನು ಪಡೆಯಿರಿ. ಇತಿಹಾಸ ತೊಳೆಯುವುದು ಆಮೇಲಿನ ಮಾತು.

ಗುಟ್ಟಿನ ಮೌಲ್ಯಗಳನ್ನೆಲ್ಲ ತೆಗೆದು, ಹೆಸರುಗಳನ್ನಷ್ಟೇ ಉಳಿಸಿದ ಒಂದು ಮಾದರಿ ಇಎನ್‌ವಿ ಫೈಲನ್ನು ಕಮಿಟ್ ಮಾಡಿ. ಹೊಸಬರು ಅದನ್ನು ನಕಲು ಮಾಡಿ ತುಂಬಿಕೊಳ್ಳುತ್ತಾರೆ. ವೀಟ್ ಎಂಬ ಬಿಲ್ಡ್ ಉಪಕರಣ ಬಳಸುವವರು ಗಮನಿಸಿ: ವೀಟ್ ಎಂಬ ಮುಂಪದದಿಂದ ಶುರುವಾಗುವ ವೇರಿಯೇಬಲ್‌ಗಳು ಬ್ರೌಸರಿಗೆ ಹೋಗುವ ಕೋಡಿನೊಳಗೇ ಸೇರುತ್ತವೆ. ಬ್ರೌಸರಿಗೆ ಹೋದದ್ದು ಗುಟ್ಟಾಗಿ ಉಳಿಯುವುದಿಲ್ಲ.

ಎರಡನೆಯದು ನೋಡ್ ಆವೃತ್ತಿ. ನೋಡ್ ಆವೃತ್ತಿಗಳನ್ನು ಬದಲಿಸಿಕೊಡುವ ಎನ್‌ವಿಎಂ ಬಳಸಿ, ಡಾಟ್-ಎನ್‌ವಿಎಂಆರ್‌ಸಿ ಫೈಲಿನಲ್ಲಿ ಆವೃತ್ತಿ ಬರೆದಿಡಿ. ಎಲ್‌ಟಿಎಸ್ (ದೀರ್ಘಕಾಲ ಬೆಂಬಲ ಸಿಗುವ) ಆವೃತ್ತಿಯನ್ನೇ ಆರಿಸಿ. ಲಾಕ್ ಫೈಲನ್ನು ಕಮಿಟ್ ಮಾಡಿ. ಸರ್ವರಿನಲ್ಲಿ ಮತ್ತು ಸಿಐನಲ್ಲಿ (ಕೋಡನ್ನು ತಾನಾಗಿ ಬಿಲ್ಡ್ ಮಾಡಿ ಪರೀಕ್ಷಿಸುವ ವ್ಯವಸ್ಥೆ) ಎನ್‌ಪಿಎಂ ಇನ್‌ಸ್ಟಾಲ್ ಬದಲು ಎನ್‌ಪಿಎಂ ಸಿಐ ಓಡಿಸಿ. ಅದು ಹಳೆಯ ನೋಡ್-ಮಾಡ್ಯೂಲ್ಸ್ ಅಳಿಸಿ, ಲಾಕ್ ಫೈಲಿನಲ್ಲಿರುವ ಆವೃತ್ತಿಗಳನ್ನೇ ಹಾಕುತ್ತದೆ. ಪ್ಯಾಕೇಜ್ ಜೇಸನ್ ಮತ್ತು ಲಾಕ್ ಫೈಲ್ ಒಂದಕ್ಕೊಂದು ತಾಳೆಯಾಗದಿದ್ದರೆ ಅಲ್ಲೇ ನಿಂತು ಹೇಳುತ್ತದೆ.

ಮೂರನೆಯದು ಸಾಲಿನ ಕೊನೆ. ವಿಂಡೋಸ್‌ನವರೂ ಲಿನಕ್ಸ್‌ನವರೂ ಒಂದೇ ರೆಪೊಸಿಟರಿಯಲ್ಲಿದ್ದರೆ ಒಂದಕ್ಷರ ಬದಲಿಸಿದ ಫೈಲು ಪೂರ್ತಿ ಬದಲಾದಂತೆ ಡಿಫ್‌ನಲ್ಲಿ ಕಾಣಬಹುದು. ಗಿಟ್‌ಆಟ್ರಿಬ್ಯೂಟ್ಸ್ ಫೈಲಿನಲ್ಲಿ ಎಲ್ಲ ಪಠ್ಯ ಫೈಲುಗಳಿಗೂ ಟೆಕ್ಸ್ಟ್ ಆಟೋ ಎಂಬ ಒಂದು ಸಾಲು ಬರೆದರೆ ಆ ಕಾಟ ಮುಗಿಯುತ್ತದೆ. ಜೊತೆಗೆ ಒಂದು ಎಡಿಟರ್‌ಕಾನ್ಫಿಗ್ ಫೈಲ್, ಕೋಡನ್ನು ಒಂದೇ ಶೈಲಿಗೆ ತರುವ ಪ್ರೆಟಿಯರ್, ಕೋಡಿನ ತಪ್ಪು ತೋರಿಸುವ ಇಎಸ್‌ಲಿಂಟ್. ಪ್ರೆಟಿಯರ್ ನಿಯಮಗಳ ಬಗ್ಗೆ ತಂಡದಲ್ಲಿ ಚರ್ಚೆ ಶುರು ಮಾಡಬೇಡಿ, ಅದು ಮುಗಿಯುವುದೇ ಇಲ್ಲ. ಡೀಫಾಲ್ಟ್ ಇಟ್ಟುಕೊಳ್ಳಿ. ಹಳೆಯ ಇಎಸ್‌ಲಿಂಟ್ ಕಾನ್ಫಿಗ್ ಎತ್ತಿಟ್ಟಿರುವವರು ಅದನ್ನು ಒಮ್ಮೆ ನೋಡಿ. 2024ರಲ್ಲಿ ಬಂದ 9ನೇ ಆವೃತ್ತಿಯಿಂದ ಫ್ಲಾಟ್ ಕಾನ್ಫಿಗ್ ಎಂಬ ಹೊಸ ಬಗೆಯೇ ಡೀಫಾಲ್ಟ್.

ನಿಮ್ಮ ಕಂಪ್ಯೂಟರಿನಲ್ಲಿ ಓಡಿದ್ದು ಸರ್ವರಿನಲ್ಲಿ 'ಫೈಲ್ ಇಲ್ಲ' ಅಂದರೆ ಮೊದಲು ಹೆಸರಿನ ದೊಡ್ಡಕ್ಷರ, ಚಿಕ್ಕಕ್ಷರ ನೋಡಿ. ವಿಂಡೋಸ್ ಮತ್ತು ಮ್ಯಾಕ್ ಸಾಮಾನ್ಯವಾಗಿ ಈ ವ್ಯತ್ಯಾಸ ಲೆಕ್ಕಿಸುವುದಿಲ್ಲ, ಲಿನಕ್ಸ್ ಲೆಕ್ಕಿಸುತ್ತದೆ. ಹೆಸರು ತಿದ್ದುವಾಗ ಗಿಟ್ ಎಂವಿ ಬಳಸಿ. ಸುಮ್ಮನೆ ಹೆಸರು ಬದಲಿಸಿದರೆ ಗಿಟ್‌ಗೆ ಗೊತ್ತಾಗದೇ ಹೋಗಬಹುದು.

ಇಷ್ಟೆಲ್ಲ ಪ್ರತಿ ಸಲ ಮಾಡುವುದೇ? ಇಲ್ಲ. ಒಮ್ಮೆ ಮಾಡಿದ ಖಾಲಿ ಪ್ರಾಜೆಕ್ಟನ್ನು ಗಿಟ್‌ಹಬ್‌ಗೆ ಹಾಕಿ, ಸೆಟ್ಟಿಂಗ್ಸ್‌ನಲ್ಲಿ 'ಟೆಂಪ್ಲೇಟ್ ರೆಪೊಸಿಟರಿ' ಎಂಬ ಚೌಕಕ್ಕೆ ಟಿಕ್ ಹಾಕಿ. ಮುಂದಿನ ಸಲ 'ಯೂಸ್ ದಿಸ್ ಟೆಂಪ್ಲೇಟ್' ಒತ್ತಿದರೆ ಹಳೆಯ ಕಮಿಟ್‌ಗಳ ಇತಿಹಾಸವಿಲ್ಲದ ಹೊಸ ಪ್ರತಿ ಸಿಗುತ್ತದೆ. ಟೆಂಪ್ಲೇಟ್‌ನಲ್ಲಿ ಸೆಟಪ್ ಮಾತ್ರ ಇರಲಿ. ಲಾಗಿನ್ ಪುಟ, ಡ್ಯಾಶ್‌ಬೋರ್ಡ್ ಅಂತ ತುಂಬುತ್ತಾ ಹೋದರೆ ಪ್ರತಿ ಹೊಸ ಪ್ರಾಜೆಕ್ಟ್ ಬೇಡದ್ದನ್ನು ಕೀಳುವುದರಿಂದಲೇ ಶುರುವಾಗುತ್ತದೆ.

ಹಂತ 7: ನಿಮ್ಮ ಕಂಪ್ಯೂಟರ್

ಶೆಲ್‌ನ ಆಲಿಯಾಸ್‌ಗಳು, ಗಿಟ್ ಕಾನ್ಫಿಗ್, ಎಡಿಟರ್ ಸೆಟ್ಟಿಂಗ್ ಇವುಗಳಿಗೆ ಡಾಟ್‌ಫೈಲ್ಸ್ ಅಂತ ಒಂದು ಪ್ರೈವೇಟ್ ರೆಪೊಸಿಟರಿ ಮಾಡಿ. ಕೀ, ಪಾಸ್‌ವರ್ಡ್ ಅಲ್ಲೂ ಬೇಡ.

ಆಫೀಸಿನ ಕೆಲಸಕ್ಕೂ ಸ್ವಂತ ಕೆಲಸಕ್ಕೂ ಒಂದೇ ಕಂಪ್ಯೂಟರ್ ಬಳಸುವವರಿಗೆ ಗಿಟ್‌ನ ಇನ್‌ಕ್ಲೂಡ್‌ಇಫ್ ದೊಡ್ಡ ಉಪಕಾರಿ. ಆಫೀಸಿನ ಫೋಲ್ಡರ್ ಒಳಗಿರುವ ರೆಪೊಸಿಟರಿಗಳಿಗೆ ಒಂದು ಇಮೇಲ್, ಉಳಿದದ್ದಕ್ಕೆ ಇನ್ನೊಂದು ಅಂತ ಒಮ್ಮೆ ಬರೆದಿಟ್ಟರೆ ತಪ್ಪು ವಿಳಾಸದಿಂದ ಕಮಿಟ್ ಆಗುವುದು ನಿಲ್ಲುತ್ತದೆ. ಮ್ಯಾಕ್ ಬಿತ್ತುವ ಡಿಎಸ್-ಸ್ಟೋರ್ ಫೈಲುಗಳನ್ನು ಪ್ರತಿ ಪ್ರಾಜೆಕ್ಟಿನಲ್ಲೂ ಇಗ್ನೋರ್ ಮಾಡುವ ಬದಲು ಜಾಗತಿಕ ಇಗ್ನೋರ್ ಫೈಲಿಗೆ ಸೇರಿಸಿ. ಅದು ನಿಮ್ಮ ಕಂಪ್ಯೂಟರಿನ ಸಮಸ್ಯೆ, ಪ್ರಾಜೆಕ್ಟಿನದ್ದಲ್ಲ.

ಆಲಿಯಾಸ್‌ಗಳನ್ನು ಮಿತವಾಗಿ ಇಡಿ. ಬೇರೆಯವರ ಕಂಪ್ಯೂಟರಿನ ಮುಂದೆ ಕೂತಾಗ ಕೈ ಕಟ್ಟಿದಂತಾಗುತ್ತದೆ. ನನ್ನ ಹತ್ತಿರ ಹತ್ತೂ ಇಲ್ಲ.

ಹಂತ 8: ಕಳೆ ಕೀಳುವುದು

ಆರು ತಿಂಗಳಿಗೊಮ್ಮೆ ಸಂಗ್ರಹ ತೆರೆದು ಪ್ರತಿ ತುಣುಕಿಗೂ ಒಂದೇ ಪ್ರಶ್ನೆ ಕೇಳಿ: ಇದನ್ನು ಈಗ ಬ್ರೌಸರೇ ಮಾಡುತ್ತದೆಯೇ? ಆಬ್ಜೆಕ್ಟನ್ನು ಆಳವಾಗಿ ನಕಲು ಮಾಡಲು ಜೇಸನ್‌ಗೆ ತಿರುಗಿಸಿ ಮತ್ತೆ ಓದುವ ಹಳೆಯ ಉಪಾಯವನ್ನು ನಾನು ವರ್ಷಗಟ್ಟಲೆ ಇಟ್ಟುಕೊಂಡಿದ್ದೆ. ಅದು ದಿನಾಂಕಗಳನ್ನು ಸ್ಟ್ರಿಂಗ್ ಮಾಡುತ್ತದೆ, ಅನ್‌ಡಿಫೈನ್ಡ್ ಇರುವ ಪ್ರಾಪರ್ಟಿಗಳನ್ನು ನುಂಗುತ್ತದೆ. 2022ರಿಂದ ಮುಖ್ಯ ಬ್ರೌಸರ್‌ಗಳೆಲ್ಲದರಲ್ಲೂ ಸ್ಟ್ರಕ್ಚರ್ಡ್‌ಕ್ಲೋನ್ ಇದೆ. ಫಂಕ್ಷನ್ ಇರುವ ಆಬ್ಜೆಕ್ಟ್ ಕೊಟ್ಟರೆ ಮಾತ್ರ ಎರರ್ ಎಸೆಯುತ್ತದೆ. ಅರೇಯನ್ನು ಗುಂಪು ಮಾಡುವ ತುಣುಕೂ ಹೋಯಿತು, ಆಬ್ಜೆಕ್ಟ್‌ನ ಗ್ರೂಪ್‌ಬೈ 2024ರ ಹೊತ್ತಿಗೆ ಎಲ್ಲ ಕಡೆ ಬಂತು. 16:9 ವಿಡಿಯೋ ಪೆಟ್ಟಿಗೆಗೆ 56.25% ಪ್ಯಾಡಿಂಗ್ ಕೊಡುವ ಚಮತ್ಕಾರದ ಜಾಗಕ್ಕೆ ಆಸ್ಪೆಕ್ಟ್-ರೇಶಿಯೋ ಎಂಬ ಒಂದೇ ಸಾಲು ಸಾಕು. ಮೋಡಲ್ ತೆರೆಯುವ ನನ್ನ ಎಂಬತ್ತು ಸಾಲಿನ ಕೋಡಿನಲ್ಲಿ ಬಹುಪಾಲನ್ನು ಡೈಲಾಗ್ ಎಲಿಮೆಂಟ್ ತಾನೇ ಮಾಡುತ್ತದೆ, ಎಸ್ಕೇಪ್ ಒತ್ತಿದರೆ ಮುಚ್ಚುವುದೂ ಸೇರಿ.

ತುಣುಕನ್ನು ಅಳಿಸಿದರೂ ಅದರ ತಲೆಯ ಮೇಲಿದ್ದ ಟಿಪ್ಪಣಿಯನ್ನು ಬೇರೊಂದು ಫೈಲಿಗೆ ವರ್ಗ ಮಾಡಿ. 'ಇದರ ಬದಲು ಈಗ ಅದು' ಅಂತ ಒಂದು ಸಾಲು ಸೇರಿಸಿದರೆ ಆಯಿತು. ಹಳೆಯ ಪ್ರಾಜೆಕ್ಟಿನಲ್ಲಿ ಅದೇ ಕೋಡ್ ಎದುರಾದಾಗ ಆ ಸಾಲನ್ನು ಹುಡುಕಿಕೊಂಡು ಹೋಗುತ್ತೀರಿ.